ಗಂಟೆ ಸಾಲದ ಪೈಲಟ್

ಡ್ರೈವಿಂಗ್ ಶಾಲೆಯ ಒಡತಿ ಮಗಳಿಗೆ ಬಂದ ನೇಮಕಾತಿ ಪತ್ರವನ್ನು ಮೂರನೆಯ ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದಳು.

"ಇದೊಂದು ಸಂಬಳವೇನೇ? ನಮ್ಮ ಹಳೇ ಕಾರು ಕುಡಿಯೋ ಪೆಟ್ರೋಲಿಗೂ ಸಾಲಲ್ಲ!"

"ಚಿಕ್ಕ ಕಂಪನಿ ಅಮ್ಮಾ. ಇರೋದೇ ಎರಡು ವಿಮಾನ. ಕೋಳಿಮರಿ ಸಾಗಿಸ್ತಾರೆ."

"ಕೋಳಿಮರಿಗೆ ಪೈಲಟ್ಟಾ? ಅವಕ್ಕೇ ರೆಕ್ಕೆ ಇಲ್ವಾ?"

ಮಗಳಿಗೆ ಪೈಲಟ್ ಲೈಸೆನ್ಸು ಬಂದು ಒಂದೂವರೆ ವರ್ಷವಾಗಿತ್ತು. ಹಾರಿದ ಹೊತ್ತು ಮಾತ್ರ ಇನ್ನೂರು ಗಂಟೆಗೇ ನಿಂತುಬಿಟ್ಟಿತ್ತು.

"ಗಂಟೆ ಇಲ್ದೆ ದೊಡ್ಡ ಕಂಪನಿಯವರು ಯಾರೂ ಒಳಗೆ ಬಿಟ್ಕೊಳಲ್ಲಮ್ಮಾ. ಇವರಿಗೆ ಇವತ್ತು ಸಾಯಂಕಾಲ ಐದರೊಳಗೆ ಉತ್ತರ ಹೇಳ್ಬೇಕು. ಇಲ್ಲಾಂದ್ರೆ ಬೇರೆಯವರನ್ನ ಕರೀತಾರೆ."

"ಕರೀಲಿ ಬಿಡು! ಅನುಭವ, ಅನುಭವ ಅಂತ ಪುಕ್ಕಟೆ ದುಡಿಸ್ಕೊಳೋ ಜನ. ನಾಚಿಕೆ ಆಗ್ಬೇಕು!"

ಕಿಟಕಿಯ ಹೊರಗೆ ಕಾರಿನ ಕನ್ನಡಿ ಒರೆಸುತ್ತಿದ್ದ ಬ್ರೇಕಣ್ಣನ ಕಿವಿಗೆ ಇದರಲ್ಲಿ ಅರ್ಧ ಬಿತ್ತು. ಐವತ್ತು ದಾಟಿದ ಈ ಸಹಾಯಕನಿಗೆ ಆ ಹೆಸರಿಟ್ಟವರು ಕಾರು ಕಲಿಯಲು ಬರುವವರು. ಅವರು ಗಾಡಿ ಓಡಿಸುವಾಗ ಪಕ್ಕದಲ್ಲಿ ಕೂತ ಅವನ ಕಾಲು ತನ್ನ ಕಡೆಯ ಬ್ರೇಕು ಬಿಟ್ಟು ಕದಲುತ್ತಿರಲಿಲ್ಲ. ಬಟ್ಟೆ ಹಿಂಡಿ ಒಣಗಹಾಕಿ, ಅವನು ಸದ್ದಿಲ್ಲದೆ ಹೊರಟ.

ಮೂರೂವರೆಗೆ ಪೊಟ್ಟಣ ಹಿಡಿದು ಬಂದ. ಬಿಚ್ಚಿದರೆ ಮುಷ್ಟಿಗಾತ್ರದ ಹಿತ್ತಾಳೆಯ ಗಂಟೆ.

"ಗಂಟೆ ಇಲ್ದೆ ಕೆಲಸ ಕೊಡಲ್ಲ ಅಂತಿದ್ಯಲ್ಲ ಪುಟ್ಟೀ, ತಗೋ. ವಿಮಾನಕ್ಕೆ ಹಾರ್ನ್ ಇರಲ್ವೇನೋ ಅಂದ್ಕೊಂಡೆ."

ಮಗಳು ತುಟಿ ಕಚ್ಚಿಕೊಂಡಳು. ನಗಲಿಲ್ಲ. ಎರಡೂ ಕೈಯಲ್ಲಿ ಇಸಿದುಕೊಂಡು ಮೆಲ್ಲಗೆ ಬಾರಿಸಿ, "ಸದ್ದು ಎಷ್ಟು ಇಂಪಾಗಿದೆ ಮಾಮಾ!" ಎಂದಳು.

ತಾಯಿಗೆ ಮಾತ್ರ ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಎಷ್ಟು ಕೊಟ್ರಿ ಇದಕ್ಕೆ?"

"ಹೆಚ್ಚೇನಿಲ್ಲ ಮೇಡಂ. ಒಂದು ವಾರದ ಸಂಬಳ."

"ಇಷ್ಟು ಚಿಕ್ಕ ಗಂಟೆಗಾ? ಅಂಗಡಿಯವನು ಚೆನ್ನಾಗಿ ಟೋಪಿ ಹಾಕಿದಾನೆ!"

"ಪಾಪ, ಅವನದೇನೂ ತಪ್ಪಿಲ್ಲ. ನಂದು ಅರ್ಧ ಸಂಬಳ ಅಲ್ವಾ? ಅನುಭವ ಆಗೋವರೆಗೂ ಅರ್ಧ ಅಂದಿದ್ರಿ."

"ಯಾವಾಗ ಅಂದೆ?"

"ಆರು ವರ್ಷ ಆಯ್ತು ಮೇಡಂ. ಅನುಭವ ಆದಾಗ ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ."

ತಾಯಿಯ ನಗು ನಿಂತಿತು. ಅವಳು ಫ್ಯಾನು ನೋಡಿದಳು, ನೆಲ ನೋಡಿದಳು. ಮಗಳು ಅಮ್ಮನ ಮುಖದತ್ತ ತಿರುಗದೆ ಗಂಟೆಯ ಮೇಲಿನ ಧೂಳು ಒರೆಸುತ್ತ ಕೂತಳು.

ಕಡೆಗೆ ತಾಯಿ ಒಂದು ಹಾಳೆ ಎಳೆದುಕೊಂಡು ಎರಡು ಸಾಲು ಗೀಚಿ ಬ್ರೇಕಣ್ಣನ ಕೈಗಿತ್ತಳು. "ಇವತ್ತಿಂದ ಪೂರ್ತಿ ಸಂಬಳ. ಹಿಂದಿನದಕ್ಕೆ ನನ್ನನ್ನ ಬೈಕೊಳ್ಳಿ."

"ಹಾಗಾದ್ರೆ ನಂಗೆ ಅನುಭವ ಆಯ್ತಾ ಮೇಡಂ?"

"ನಿಮಗೂ ಆಯ್ತು, ನನಗೂ ಆಯ್ತು." ಮಗಳ ಕಡೆ ತಿರುಗಿದಳು. "ಆ ಕೋಳಿಯವರಿಗೆ ಫೋನ್ ಮಾಡೇ. ಕಮ್ಮಿ ಸಂಬಳ ಎಲ್ಲಿವರೆಗೆ ಅಂತ ಪತ್ರದಲ್ಲಿ ಬರೆದುಕೊಡ್ಲಿ. ಐನೂರು ಗಂಟೆ ಹಾರಿದ್ಮೇಲೆ ಪೂರ್ತಿ ಕೊಡ್ಬೇಕು."

ನಾಲ್ಕೂ ಮುಕ್ಕಾಲಿಗೆ ಫೋನು ಸಿಕ್ಕಿತು. ಆ ಕಡೆ ಮರಿಗಳ ಚಿಲಿಪಿಲಿಯ ನಡುವೆ ಒಂದು ಗಂಡು ಧ್ವನಿ "ಏಳ್ನೂರು" ಎಂದಿತು. ತಾಯಿ ಆರು ಬೆರಳು ಎತ್ತಿ ತೋರಿಸಿದಳು. ಆರುನೂರಕ್ಕೆ ಮಾತು ನಿಂತಿತು.

ಹೊಸ ಪತ್ರ ಬಂದದ್ದು ಐದಕ್ಕೆ ಎರಡು ನಿಮಿಷ ಇದ್ದಾಗ. ಮಗಳು ಸಹಿ ಹಾಕಿದಳು.

"ಮೊದಲನೇ ಹಾರಾಟ ಯಾವಾಗ?"

"ಸೋಮವಾರ. ಒಂಬತ್ತು ಸಾವಿರ ಮರಿ."

"ಮೆಲ್ಲಗೆ ಇಳಿಸೇ," ಎಂದಳು ತಾಯಿ. "ಪಾಪ, ಅವಕ್ಕೂ ಅದು ಮೊದಲನೇ ಸಲ."