ಕಬಕದ ಸಂಧಾನಕ್ಕೆ ಸೊನ್ನೆ

ಹರಿಣಾಕ್ಷಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಪುತ್ತೂರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಹೊಲಿಗೆ ಅಂಗಡಿ. ರವಿಕೆ ತಡವಾಯಿತೆಂದು ಯಾರಾದರೂ ಬಾಯಿ ತೆರೆದರೆ, "ಹಾಗಾದ್ರೆ ಬಟ್ಟೆ ತೆಗೊಂಡು ಹೋಗಿ, ಊರಲ್ಲಿ ಬೇರೆ ಟೈಲರ್ ಇದ್ದಾರೆ" ಎಂದು ಕತ್ತರಿ ಕೆಳಗಿಡದೆಯೇ ಹೇಳುವವಳು. ತಡವಾಗುವುದಕ್ಕೆ ಕಾರಣವೂ ಇತ್ತು. ಮಧ್ಯಾಹ್ನದ ಊಟವಾದ ಮೇಲೆ ಅವಳು ಮಿಷನ್ ತುಳಿಯುತ್ತಿರಲಿಲ್ಲ. ಟೇಪ್‌ರೆಕಾರ್ಡರಿಗೆ ತಾಳಮದ್ದಳೆಯ ಕ್ಯಾಸೆಟ್ ಹಾಕಿ, ಗುಂಡಿ ಹಚ್ಚುವುದು, ಅಂಚು ಮಡಚುವುದು ಇಂಥ ಸದ್ದಿಲ್ಲದ ಕೆಲಸ ಮಾತ್ರ ಕೈಗೆತ್ತಿಕೊಂಡು ಕೇಳುತ್ತಾ ಕೂರುವಳು.

ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಾತ್ರ ವಹಿಸಿದ ಅರ್ಥಧಾರಿಗಳು ಪಂಚೆ ಶಲ್ಯದಲ್ಲೇ ಎದುರುಬದುರು ಕೂತು ಮಾತಿನಲ್ಲಿ ಹೊಡೆದಾಡುತ್ತಾರೆ. ಎಂಬತ್ತರ ಈಚೆಗೆ ಆ ಹೊಡೆದಾಟವೆಲ್ಲ ಕ್ಯಾಸೆಟ್ಟಿಗೆ ಇಳಿದಿತ್ತು. ಊರಿನವರು 'ಭಾರೀ ಒಳ್ಳೆದು' ಎಂದು ತಲೆಯ ಮೇಲೆ ಹೊತ್ತ ಕ್ಯಾಸೆಟ್ಟುಗಳನ್ನೆಲ್ಲ ಒಂದೊಂದಾಗಿ ಎರಡೂ ಬದಿ ಪೂರ್ತಿ ಕೇಳಿ, ನೂರಕ್ಕೆ ಇಷ್ಟು ಎಂದು ಮಾರ್ಕು ಕೊಡುವುದು ಹರಿಣಾಕ್ಷಿ ತನಗೆ ತಾನೇ ಹಾಕಿಕೊಂಡ ಕೆಲಸ. ಮೂವತ್ತೈದು ಬಂದರೆ ಪಾಸು. ಕೇಳದೆ ಮಾರ್ಕಿಲ್ಲ, ಇದು ಅವಳ ನಿಯಮ.

ಪಕ್ಕದ ಸಮದ್‌ನದು ಕ್ಯಾಸೆಟ್ ಅಂಗಡಿ. ಕೇಳಿ ಹಿಂದೆ ಕೊಡುವ ಒಪ್ಪಂದದಲ್ಲಿ ಅವನು ಅವಳಿಗೆ ಕ್ಯಾಸೆಟ್ ಕೊಡುತ್ತಿದ್ದ. ಅವಳು ಹೇಳಿದ ಮಾರ್ಕನ್ನು ಚೀಟಿಯಲ್ಲಿ ಬರೆದು ಕಪಾಟಿನಲ್ಲಿ ಅದರ ಕೆಳಗೇ ಅಂಟಿಸುತ್ತಿದ್ದ. 'ಮದ್ದಳೆಗೆ ಎಂಬತ್ತು. ಮಾತೆಲ್ಲ ನಿನ್ನೆಯ ಗಂಜಿ, ಇಪ್ಪತ್ತೈದು.' 'ಅರ್ಥಧಾರಿಗೆ ಸ್ವಂತ ಸ್ವರದ ಮೇಲೆಯೇ ಪ್ರೀತಿ. ಫೇಲ್.' ಮೊದಮೊದಲು ಗಿರಾಕಿಗಳು ನಕ್ಕರು. ಆಮೇಲೆ, "ಟೈಲರಕ್ಕ ಇದನ್ನು ಪಾಸ್ ಮಾಡಿದ್ದಾರಾ?" ಎಂದು ಕೇಳಿಯೇ ಕಿಸೆಗೆ ಕೈಹಾಕತೊಡಗಿದರು.

ಒಂದು ಕ್ಯಾಸೆಟ್ಟನ್ನು ಮಾತ್ರ ಅವಳು ವರ್ಷಗಟ್ಟಲೆ ಮುಟ್ಟಿರಲಿಲ್ಲ. ಅದು ಕಬಕದ ಸಂಧಾನ. ಎಪ್ಪತ್ತೇಳರಲ್ಲಿ ಕಬಕದ ಶಾಲೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ನಡೆದ ತಾಳಮದ್ದಳೆ ಅದು. ಅರ್ಧ ರಾಜ್ಯ ಕೇಳಲು ಬಂದ ರಾಯಭಾರಿಯಾಗಿ ಐವರ್ನಾಡಿನ ತೀರ್ಥರಾಮ ಮಾಸ್ಟ್ರು, ಕೊಡುವುದಿಲ್ಲವೆನ್ನುವ ರಾಜನಾಗಿ ಚೆನ್ನಪ್ಪ ರೈಗಳು. ಈ ಚೆನ್ನಪ್ಪ ರೈಗಳು ಹರಿಣಾಕ್ಷಿಯ ಅಪ್ಪ. ಸುಳ್ಯದಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟ ಚೆನ್ನಕೇಶವ ಅಂದು ಟೇಪ್ ಮಾಡಿಟ್ಟದ್ದನ್ನು ಐದು ವರ್ಷದ ಮೇಲೆ ಕ್ಯಾಸೆಟ್ ಮಾಡಿದ. ಅದು ಮನೆಮನೆಗೂ ಹೋಯಿತು. ಅದರ ಕೊನೆಗೆ ರಾಯಭಾರಿ ಒಂದು ಪ್ರಶ್ನೆ ಕೇಳುತ್ತಾನೆ. ರಾಜನ ಬಾಯಿಂದ ಒಂದು ಅಕ್ಷರ ಹೊರಡುವುದಿಲ್ಲ. ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ.

ರೈಗಳ ಬಾಯಿ ಕಟ್ಟಿತು ಎಂದು ಊರೆಲ್ಲ ಆಡಿಕೊಂಡಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ! ಅದು ನಿಜವೋ ಎಂದು ಯಾರೂ ವಿಚಾರಿಸಲಿಲ್ಲ. ಹೋಟೆಲಿನಲ್ಲಿ ರೈಗಳು ಚಾ ಕುಡಿಯುತ್ತಿದ್ದರೆ ಬೇಕೆಂದೇ ಆ ಕ್ಯಾಸೆಟ್ ಹಾಕುವ ಪುಂಡರಿದ್ದರು. ಕೂಟಗಳಿಗೆ ಕರೆ ನಿಂತಿತು. ಅರ್ಥ ಹೇಳುವುದೊಂದೇ ಜೀವನವೆಂದಿದ್ದ ಮನುಷ್ಯ ಮಗಳ ಅಂಗಡಿಯ ಬೆಂಚಿನಲ್ಲಿ ಕೂತು, "ನಾನು ಉತ್ತರ ಕೊಟ್ಟಿದ್ದೆ ಮಗಾ. ಕಳ್ಳರು, ಕತ್ತರಿಸಿ ಬಿಟ್ರು" ಎಂದು ದಿನಾ ಹೇಳುವಂತಾಯಿತು.

ಕೊಟ್ಟದ್ದು ಸುಳ್ಳಲ್ಲವೆಂದು ಹರಿಣಾಕ್ಷಿಗೆ ಗೊತ್ತಿತ್ತು. ಆ ದಿನ ಅವಳು ಶಾಲೆಯ ಹಿಂದೆ ಹೆಂಗಸರ ಜೊತೆ ಕಾಫಿ ಕಾಯಿಸುತ್ತಿದ್ದಳು. ಒಳಗಿನಿಂದ ಚಪ್ಪಾಳೆ, ಸಿಳ್ಳೆ, ಹೆಂಚು ಹಾರಿಹೋಗುವ ಹಾಗೆ ಕೇಳಿಸಿತ್ತು. ಲೋಟ ತಕ್ಕೊಂಡು ಹೋಗಲು ಬಂದ ಒಬ್ಬರು, "ನಿನ್ನ ಅಪ್ಪ ಕೊಟ್ಟ ಉತ್ತರಕ್ಕೆ ಮಾಸ್ಟ್ರು ಗಪ್‌ಚಿಪ್" ಎಂದಿದ್ದರು. ಅಷ್ಟು ಸಾಕಿತ್ತು ಅವಳಿಗೆ. ಕ್ಯಾಸೆಟ್ ಬಂದಂದಿನಿಂದ ತೀರ್ಥರಾಮ ಮಾಸ್ಟ್ರನ್ನು ಕಂಡರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಕ್ಯಾಸೆಟ್ಟನ್ನು ಯಾರಾದರೂ ಹೊಗಳಿದರೆ ಅವರು ಮಾತು ಬದಲಿಸುತ್ತಾರಂತೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡಿದ್ದಳು. ಒಮ್ಮೆ ಅವರು ಮಗಳ ಲಂಗ ಹೊಲಿಸಲು ಬಟ್ಟೆ ಹಿಡಿದು ಅಂಗಡಿಗೆ ಬಂದಾಗ, "ಪುರುಸೊತ್ತಿಲ್ಲ" ಎಂದು ಮುಖ ತಿರುಗಿಸಿದ್ದಳು.

ಎಂಬತ್ತೈದರ ಬೇಸಿಗೆಯಲ್ಲಿ ಅವಳ ತಾಳ್ಮೆಯ ಕಟ್ಟೆ ಒಡೆಯಿತು. ಕಬಕದ ಸಂಧಾನವನ್ನು ಹಾಕಿ, ಎರಡೂ ಬದಿ ಹಲ್ಲು ಕಚ್ಚಿ ಕೇಳಿ, ಸಮದ್‌ನಿಗೆ ಹೇಳಿದಳು:

"ಬರಿ. ಸೊನ್ನೆ. ರಾಜನ ಉತ್ತರ ಕದ್ದಿದ್ದಾರೆ. ಕದಿಯದಿದ್ರೆ ನೂರಕ್ಕೆ ನೂರು."

"ಅದು ಹೆಚ್ಚು ಖರ್ಚಾಗುವ ಕ್ಯಾಸೆಟ್, ಹರಿಣಾಕ್ಷಕ್ಕ," ಎಂದು ಸಮದ್ ತಲೆ ತುರಿಸಿದ.

"ಬರಿತೀಯಾ, ಇಲ್ಲ ನಾನೇ ಬಂದು ಗೋಡೆಗೆ ಬರಿಬೇಕಾ?"

ಅವನು ಬರೆದ. ಸುದ್ದಿ ಸುಳ್ಯಕ್ಕೆ ಹೋಗುವುದಕ್ಕೆ ಹೊತ್ತೇನೂ ಬೇಕಾಗಲಿಲ್ಲ. ಆ ವಾರದಲ್ಲೇ ಚೆನ್ನಕೇಶವ ಬಸ್ಸಿಳಿದು ಸೀದಾ ಹೊಲಿಗೆ ಅಂಗಡಿಗೆ ಬಂದ. ಅವನ ಮುಖವೂ ಕೆಂಪಗಿತ್ತು.

"ನನ್ನನ್ನು ಕಳ್ಳ ಅಂತ ಬರೆಸಿದ್ದಲ್ವಾ ನೀವು?"

"ಬರೆಸಿದೆ. ಅಲ್ಲ ಅಂತ ಹೇಳಿ ನೋಡುವ. ಕತ್ತರಿಸಿದ್ದು ಹೌದಾ ಅಲ್ವಾ?"

"ಹೌದು."

ಅವನು ಇಷ್ಟು ಬೇಗ ಒಪ್ಪಿಕೊಂಡದ್ದು ಅವಳ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಮೂರು ವರ್ಷದಿಂದ ಒಳಗೆ ಕಟ್ಟಿಟ್ಟಿದ್ದದ್ದನ್ನೆಲ್ಲ ಅವನ ಮುಖಕ್ಕೆ ಎಸೆದಳು. ಒಬ್ಬ ಮನುಷ್ಯನ ಮರ್ಯಾದೆಯನ್ನು ಪೇಟೆಯಲ್ಲಿ ಮಾರಿ ತಿಂದವರು ನೀವು ಎಂದಳು. ನನ್ನ ಅಪ್ಪನಿಗೆ ಈಗಲೂ ಗಂಟಲು ಉಂಟು, ಕರೆಯುವವರಿಲ್ಲ ಎಂದಳು. ಚೆನ್ನಕೇಶವ ಎಲ್ಲ ಕೇಳಿಸಿಕೊಂಡು ಚೀಲದಿಂದ ಹೆಸರಿಲ್ಲದ ಒಂದು ಕ್ಯಾಸೆಟ್ ತೆಗೆದು ಮಿಷನ್ನಿನ ಮೇಲಿಟ್ಟ.

"ಇದರಲ್ಲಿ ಎಲ್ಲ ಉಂಟು, ಕತ್ತರಿಸದ್ದು. ನೀವು ಕೇಳದೆ ಮಾರ್ಕು ಕೊಡುವವರಲ್ಲ ಅಂತ ಸಮದ್ ಹೇಳ್ತಾನೆ. ಕೇಳಿ. ಇದನ್ನೇ ಮಾಡಿ ಮಾರು ಅಂತ ನೀವು ಹೇಳಿದ್ರೆ ಮುಂದಿನ ತಿಂಗಳೇ ಮಾರ್ತೇನೆ. ನಾನು ಚಾ ಕುಡಿದು ಬರ್ತೇನೆ."

ಬೆಂಚಿನಲ್ಲಿದ್ದ ಚೆನ್ನಪ್ಪ ರೈಗಳಿಗೆ ಸ್ವರ್ಗ ಮೂರೇ ಗೇಣು. "ಹಾಕು ಮಗಾ. ಊರು ಕೇಳಲಿ" ಎಂದು ಎದ್ದು, ಶಲ್ಯ ಹೆಗಲಿಗೆ ಹಾಕಿ, ಸಮದ್‌ಗೂ ಹೋಟೆಲಿನವರಿಗೂ ಹೇಳಿಬರಲು ಹೊರಟೇಬಿಟ್ಟರು. ಎಪ್ಪತ್ತರ ಹತ್ತಿರದ ಮನುಷ್ಯನ ಆ ಬಿರುಸು ನೋಡಿ ಹರಿಣಾಕ್ಷಿಯ ಕಣ್ಣು ತುಂಬಿತು. ಬಾಗಿಲು ಓರೆ ಮಾಡಿ ಕ್ಯಾಸೆಟ್ ಹಾಕಿ, ಕೊನೆಯ ಹತ್ತಿರಕ್ಕೆ ಓಡಿಸಿದಳು.

ರಾಯಭಾರಿಯ ಪ್ರಶ್ನೆ ಬಂತು. ತೀರ್ಥರಾಮ ಮಾಸ್ಟ್ರ ಸ್ವರ ಏರದೆ ಇಳಿಯದೆ ಕೇಳಿತು: "ಮಹಾರಾಜ, ಈ ಭೂಮಿ ಯಾರದು? ಗೆದ್ದವನದೋ, ಕಾದವನದೋ, ಉತ್ತವನದೋ?"

ಆಮೇಲೆ ಅವಳ ಅಪ್ಪನ ಸ್ವರ. ಎಂಥ ಸ್ವರ ಅದು! ಅವಳು ಸೂಜಿ ಕೆಳಗಿಟ್ಟಳು.

"ಎಲೈ ರಾಯಭಾರಿ, ಪಾಲು ಕೇಳುವುದು ನಿನ್ನ ಮನೆತನಕ್ಕೆ ಹೊಸತಲ್ಲ. ನಿನ್ನ ತಾಯಿ ನಮ್ಮ ಅಂಗಳ ಗುಡಿಸಿ, ಅಡಿಗೆಮನೆಯ ಹಿಂದೆ ಎಲೆ ಹಾಕಿ ಉಂಡವಳು. ಉಂಡ ಎಲೆ ಒಣಗುವ ಮೊದಲು ನಿನ್ನ ಅಪ್ಪ ಡಿಕ್ಲರೇಶನ್ ಕೊಟ್ಟ. ಗದ್ದೆ ಹೋಯಿತು. ಈಗ ರಾಜ್ಯವೂ ಬೇಕೋ? ಅದಕ್ಕೂ ಫಾರಂ ತಂದಿದ್ದೀಯೋ?"

ಚಪ್ಪಾಳೆ ಬಿತ್ತು. ಸಿಳ್ಳೆಯೂ ಬಿತ್ತು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದು, ಗೇಣಿಯ ಒಕ್ಕಲುಗಳು ಉಳುವ ಗದ್ದೆ ತಮ್ಮದೆಂದು ಸರಕಾರಕ್ಕೆ ಡಿಕ್ಲರೇಶನ್ ಕೊಟ್ಟು ಧಣಿಗಳ ಹೊಟ್ಟೆ ಉರಿಯುತ್ತಿದ್ದ ವರ್ಷಗಳು ಅವು. ತೀರ್ಥರಾಮ ಮಾಸ್ಟ್ರ ಮನೆಯವರು ಅವಳ ಅಪ್ಪನ ಒಕ್ಕಲೆಂಬುದು ಅವಳಿಗೆ ಗೊತ್ತಿದ್ದ ವಿಷಯವೇ. ಚಪ್ಪಾಳೆ ನಿಂತ ಮೇಲೆ ಟೇಪಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. "ಮಹಾರಾಜ," ಎಂದಿತು ಮಾಸ್ಟ್ರ ಸ್ವರ. ಅಷ್ಟೇ. ಮುಂದೆ ಮಾತು ಬರಲಿಲ್ಲ. ಭಾಗವತರು ಗಡಬಡಿಸಿ ಪದ್ಯ ಎತ್ತಿದರು.

ಹರಿಣಾಕ್ಷಿ ಟೇಪ್ ನಿಲ್ಲಿಸಿದಳು. ಮೊದಲು ಬಂದದ್ದು ನಾಚಿಕೆ. ಅದರ ಬೆನ್ನಿಗೇ ಅವಳು ಈವರೆಗೆ ಕಾಣದಂಥ ಸಿಟ್ಟು. ನೂರಕ್ಕೆ ನೂರು ಎಂದು ಬರೆಸಿದ್ದಳಲ್ಲ, ಕಿವಿಯಿಂದ ಕೇಳದ ಮಾತಿಗೆ! ಇದಕ್ಕಾಗಿ ತಾನು ಒಬ್ಬ ಮನುಷ್ಯನನ್ನು ಬಾಗಿಲಿನಿಂದ ಹಿಂದೆ ಕಳಿಸಿದೆ. ಗೆದ್ದಿರಿ ಎಂದು ಊರು ಹೊಗಳಿದಾಗಲೆಲ್ಲ ಆ ಮಾಸ್ಟ್ರಿಗೆ ಕೇಳಿಸಿದ್ದು ಈ ಮಾತು, ಈ ಸಿಳ್ಳೆ. ಅಪ್ಪನಿಗೆ ಎಂಟು ವರ್ಷದಲ್ಲಿ ಒಂದು ದಿನವೂ ಇದು ತಪ್ಪೆಂದು ಕಂಡಿರಲಿಲ್ಲ. ಅವರ ಮಟ್ಟಿಗೆ ತಪ್ಪಾದದ್ದು ಕತ್ತರಿ ಹಾಕಿದ್ದು ಮಾತ್ರ.

ಚೆನ್ನಕೇಶವ ಬಂದು ಬಾಗಿಲಲ್ಲಿ ನಿಂತ. "ಟೇಪ್ ಸಾಲ್ಲಿಲ್ಲ ಅಂತ ಎಲ್ಲರತ್ರ ಹೇಳಿದ್ದು," ಎಂದ. "ಸಾಲ್ತಿತ್ತು. ನನ್ನ ಅಪ್ಪನೂ ಡಿಕ್ಲರೇಶನ್ ಕೊಟ್ಟವರೇ. ನನ್ನ ಕೈಯಿಂದ ಅದನ್ನು ಮಾರ್ಲಿಕ್ಕೆ ಆಗ್ಲಿಲ್ಲ. ಎಂತ ಮಾಡುದು ಈಗ?"

"ಮಾಡ್ಬೇಡಿ. ನೀವು ಇದನ್ನು ಮಾರಿದ್ರೆ ನಾನೇ ಬಸ್‌ಸ್ಟ್ಯಾಂಡಲ್ಲಿ ನಿಂತು ಬೇಡ ಅಂತ ಹೇಳ್ತೇನೆ. ಸಮದ್‌ನತ್ರ ಸೊನ್ನೆಯ ಚೀಟಿ ಹರಿಲಿಕ್ಕೆ ಹೇಳಿ. ಕಳ್ಳ ಅಂದದ್ದು ನನ್ನ ತಪ್ಪು."

ಅವನು ತಲೆಯಾಡಿಸಿ ಹೋದ. ಕ್ಯಾಸೆಟ್ ಅಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಚೆನ್ನಪ್ಪ ರೈಗಳು ಬಂದರು. ಹೋಟೆಲಿನಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿಸಿ ಬಂದ ಮುಖ.

"ಎಷ್ಟು ಕೊಟ್ಟಿ ನಂಗೆ?"

"ಮಾರಿದ ಕ್ಯಾಸೆಟ್ ಸರಿಯಾಗಿಯೇ ಉಂಟು ಅಪ್ಪ," ಎಂದಳು ಅವಳು. "ನೀವು ಉತ್ತರ ಕೊಡ್ಲೇ ಇಲ್ಲ."

"ಎಂತ ಹೇಳ್ತಿ ನೀನು? ಚಪ್ಪಾಳೆ ಕೇಳ್ಲಿಲ್ವಾ?"

"ಕೇಳಿದೆ. ಅವರು ಕೇಳಿದ್ದು ಭೂಮಿ ಯಾರದು ಅಂತ. ನೀವು ಹೇಳಿದ್ದು ಅವರ ಅಮ್ಮ ಎಲ್ಲಿ ಕೂತು ಉಂಡದ್ದು ಅಂತ. ಅದು ಉತ್ತರವಾ?"

"ಧಣಿಗಳ ಮನೆಯಲ್ಲಿ ಹುಟ್ಟಿ ಒಕ್ಕಲಿನ ಪರ ಮಾತಾಡ್ತಿಯಾ? ಸಭೆಯೇ ಎದ್ದು ನಿಂತಿತ್ತು ಆ ಮಾತಿಗೆ."

"ಇಲ್ಲಿ ಸಭೆ ಇಲ್ಲ."

ಅವಳು ಟೇಪನ್ನು ಹಿಂದಕ್ಕೆ ತಿರುಗಿಸಿದಳು. ಎರಡು ಸಲ ತಪ್ಪಿ, ಮೂರನೆಯ ಸಲ ಜಾಗ ಸಿಕ್ಕಿತು. ಮಾಸ್ಟ್ರ ಸ್ವರ ಅಂಗಡಿಯೊಳಗೆ ಮತ್ತೆ ಕೇಳಿತು: ಈ ಭೂಮಿ ಯಾರದು? ಗೆದ್ದವನದೋ, ಕಾದವನದೋ, ಉತ್ತವನದೋ? ಅಪ್ಪನ ಸ್ವರ ಶುರುವಾಗುವ ಮೊದಲೇ ಅವಳು ಟೇಪ್ ನಿಲ್ಲಿಸಿದಳು.

"ಈಗ ಹೇಳಿ. ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾನು ಕೂತುಕೊಳ್ತೇನೆ. ಸರಿಯಾದ ಉತ್ತರ ಕೊಟ್ರೆ ನಾಳೆ ಚೆನ್ನಕೇಶವಣ್ಣನನ್ನು ಕರೆಸಿ ಅದನ್ನೇ ರೆಕಾರ್ಡ್ ಮಾಡಿಸ್ತೇನೆ, ದೇವರಾಣೆಗೂ."

ಚೆನ್ನಪ್ಪ ರೈಗಳು ಶಲ್ಯ ಸರಿಪಡಿಸಿಕೊಂಡು, ಅರ್ಥಕ್ಕೆ ಕೂರುವ ಹಾಗೆ ಬೆನ್ನು ನೆಟ್ಟಗೆ ಮಾಡಿ ಬೆಂಚಿನಲ್ಲಿ ಕೂತರು. ಗಂಟಲು ಸರಿಮಾಡಿಕೊಂಡರು. ಬಾಯಿ ತೆರೆದರು. ಮಗಳು ಗುಂಡಿಯ ಮೇಲೆ ಬೆರಳಿಟ್ಟು ಅವರ ಮುಖವನ್ನೇ ನೋಡುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಮಡಿಕೇರಿ ಬಸ್ಸು ಹಾರ್ನ್ ಹಾಕಿದ್ದು ಕೇಳಿಸಿತು, ಸಮದ್ ಗಿರಾಕಿಯ ಹತ್ತಿರ ಮಾತಾಡುವುದು ಕೇಳಿಸಿತು. ಅವಳು ಲೈಟು ಹಾಕುವವರೆಗೂ ಅವರು ಹಾಗೆಯೇ ಕೂತಿದ್ದರು. ಒಂದು ಮಾತೂ ಬರಲಿಲ್ಲ.