ಹಿಂದೆ ಸರಿದ ಆರು ನಿಮಿಷ

ಗಂಟೆ ಎಷ್ಟೆಂದು ಕೇಳಿದರೆ ‘ಸುಮಾರು’ ಎಂಬ ಪದ ಅವರ ಬಾಯಿಂದ ಹೊರಟದ್ದನ್ನು ಆ ಆಸ್ಪತ್ರೆಯಲ್ಲಿ ಯಾರೂ ಕೇಳಿದವರಿಲ್ಲ. ಕಂಪ್ಯೂಟರುಗಳ ಉಸ್ತುವಾರಿಯ ಈ ಮಹಾಶಯರು, ಮೊಣಕೈ ಸವೆದ ನೀಲಿ ಕೋಟು ತೊಟ್ಟು, ಅಳೆದಿಟ್ಟಂಥ ಹೆಜ್ಜೆಗಳಲ್ಲಿ ಹೊರಟರೆಂದರೆ, ಎಲ್ಲೋ ಒಂದು ಯಂತ್ರದ ಗಡಿಯಾರ ದಾರಿ ತಪ್ಪಿದೆಯೆಂದೇ ಅರ್ಥ. ‘ಸೆಕೆಂಡ್ ಸಾಹೇಬರು’ ಎಂಬ ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಒಳಗೊಳಗೇ ಹಿಗ್ಗೂ ಇತ್ತು. ಹೆಂಡತಿ ಮಾತ್ರ, ಈ ಮನುಷ್ಯನಿಗೆ ‘ಐದೇ ನಿಮಿಷ, ಬಂದೆ’ ಎನ್ನಲು ತನಗಿನ್ನೂ ಧೈರ್ಯ ಬಂದಿಲ್ಲವೆಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಹೆರಿಗೆ ವಾರ್ಡಿನ ಕಂಪ್ಯೂಟರು ಆರು ನಿಮಿಷ ಮುಂದೆ ಓಡುತ್ತಿರುವುದನ್ನು ಅವರು ತಮ್ಮ ಕೋಣೆಯಲ್ಲಿ ಕುಳಿತೇ ಪತ್ತೆಹಚ್ಚಿದರು. ಸುಳ್ಳು ಸಮಯವನ್ನು ಅರೆಗಳಿಗೆಯೂ ಸಹಿಸದ ಜೀವ, ಒಂದೇ ಏಟಿಗೆ ಅದನ್ನು ಹಿಂದಕ್ಕೆಳೆದುಬಿಟ್ಟಿತು. ಅಲ್ಲಿ ಅದೇ ಹೊತ್ತಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟುತ್ತಿದ್ದವು! ಒಂದು ಕೂಸು ಹಳೆಯ ಸಮಯದಲ್ಲಿ, ಇನ್ನೊಂದು ತಿದ್ದಿದ ಸಮಯದಲ್ಲಿ ದಾಖಲಾಗಿ, ಕಾಗದದ ಮೇಲೆ ತಂಗಿ ಅಕ್ಕನಿಗಿಂತ ಮೂರು ನಿಮಿಷ ಮೊದಲೇ ಭೂಮಿಗೆ ಬಂದಿದ್ದಳು.

ನಕ್ಕು ಬಿಡುವ ಮಾತಾಗಿರಲಿಲ್ಲ. ಮೊದಲನೆಯದು, ಎರಡನೆಯದು ಎಂದು ಕೂಸುಗಳ ಕೈಗೆ ಪಟ್ಟಿ ಕಟ್ಟಿದ ಹಿರಿಯ ನರ್ಸಮ್ಮನ ಮೇಲೆ ಮಕ್ಕಳನ್ನು ಅದಲುಬದಲು ಮಾಡಿದ ಆರೋಪ ಬಂತು. ಮೂವತ್ತು ವರ್ಷ ಕೂಸುಗಳನ್ನು ಎತ್ತಿಕೊಂಡ ಆಕೆಯ ಮಾತಿಗಿಂತ ಯಂತ್ರದ ಅಂಕಿಗೇ ಬೆಲೆ ಹೆಚ್ಚಾಗಿ, ಮಧ್ಯಾಹ್ನದೊಳಗೆ ಕೆಲಸವೇ ಹೋಗುವ ಸ್ಥಿತಿ.

ಸುದ್ದಿ ತಿಳಿದದ್ದೇ ಸಾಹೇಬರು ಕುರ್ಚಿ ಬಿಟ್ಟೆದ್ದರು. ಎರಡೆರಡು ಮೆಟ್ಟಿಲು ಹಾರುತ್ತ ಅವರು ಓಡಿದ್ದನ್ನು ಆಸ್ಪತ್ರೆಗೆ ಆಸ್ಪತ್ರೆಯೇ ನಿಂತು ನೋಡಿತು. ಕಂಪ್ಯೂಟರಿನೊಳಗೆ ಗಂಟೆ ತೋರಿಸುವ ಗಡಿಯಾರವಲ್ಲದೆ, ಯಂತ್ರ ಚಾಲೂ ಆದಾಗಿನಿಂದ ಸುಮ್ಮನೆ ಸೆಕೆಂಡುಗಳನ್ನು ಎಣಿಸುತ್ತ ಹೋಗುವ ಇನ್ನೊಂದು ಲೆಕ್ಕವಿರುತ್ತದೆ. ಗಂಟೆಯನ್ನು ಎಷ್ಟು ತಿದ್ದಿದರೂ ಅದು ಹಿಂದಕ್ಕೆ ಹೋಗುವುದಿಲ್ಲ. ಎರಡು ಜನನಗಳ ದಾಖಲೆಯ ಪಕ್ಕದಲ್ಲೂ ಆ ಎಣಿಕೆ ಇತ್ತು! ಕಡಿಮೆ ಎಣಿಕೆಯದು ನರ್ಸಮ್ಮ ಹೇಳಿದ ಕೂಸೇ; ಅದೇ ಅಕ್ಕ.

ಯಂತ್ರ ಕೆಟ್ಟಿತ್ತು ಎಂದಿದ್ದರೆ ಯಾರೂ ಮುಂದೆ ಕೇಳುತ್ತಿರಲಿಲ್ಲ. ಸಾಹೇಬರು ಮೇಲಧಿಕಾರಿಯ ಮುಂದೆ, ಏದುಸಿರಿನಲ್ಲೇ, ಅಂದರು: “ತಪ್ಪು ಗಡಿಯಾರದ್ದಲ್ಲ ಸಾರ್, ನಂದು. ಟೈಮು ಸರಿ ಮಾಡೋ ಆತುರದಲ್ಲಿ ಇವರನ್ನ ಸುಳ್ಳಿ ಮಾಡ್ಬಿಟ್ಟೆ.”

ನರ್ಸಮ್ಮ ಕಣ್ಣೊರೆಸಿಕೊಂಡರು. “ಟೈಮು ಹಿಂದಕ್ಕೆ ಎಳೆಯೋಕೆ ಮುಂಚೆ ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲಪ್ಪ.”

ಅಂದಿನಿಂದ ಅವರು ಮುಂದೋಡುವ ಯಾವ ಗಡಿಯಾರವನ್ನೂ ಹಿಂದಕ್ಕೆಳೆದಿಲ್ಲ. ಕೊಂಚ ನಿಧಾನವಾಗಿ ನಡೆಸಿ, ನಿಜವಾದ ಸಮಯ ತಾನಾಗಿ ಬಂದು ಸೇರುವ ತನಕ ಕಾಯುತ್ತಾರೆ. ನಿಖರತೆಯನ್ನೇ ವ್ರತವಾಗಿ ಹಿಡಿದವರು ಲೋಕದಲ್ಲಿ ಅನೇಕರಿದ್ದಾರೆ, ಅವರಿಂದ ನಾವು ಬೈಸಿಕೊಂಡಿದ್ದೂ ಉಂಟು. ಆದರೆ ತಾವು ತಿದ್ದುವ ಆ ಗಳಿಗೆಯಲ್ಲಿ ಅಲ್ಲೊಬ್ಬರು ಬದುಕುತ್ತಿರುತ್ತಾರೆಂದು ಒಮ್ಮೆ ಅರಿತವರ ಕೈಗೆ, ನಮ್ಮ ದಿನಗಳನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದು.