ಹರಕೆಗೆ ಬಿಟ್ಟ ಕೌದಿ

ನಾನು ಒಂದು ಕೌದಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತಾರಲ್ಲ, ಆ ಮಾತನ್ನು ಕಿವಿಗೇ ಹಾಕಿಕೊಳ್ಳದ ಮುದುಕಿಯೊಬ್ಬಳ ಕೈಯಲ್ಲಿ ಹುಟ್ಟಿದವಳು. ಊರು ಕಲಬುರಗಿ ಕಡೆಯ ಶಹಾಬಾದ, ನೆಲಕ್ಕೆ ಹಾಸುವ ಕಲ್ಲು ತೆಗೆಯುವ ಊರು. ಮುದುಕಿಯ ಹೆಸರು ಸಾಬವ್ವ. ಸೊಸೆ ಸುಜಾತಾ ಎರಡನೆಯ ಸಲ ಬಸುರಿ ಎಂದು ಗೊತ್ತಾದ ವಾರವೇ ಬಟ್ಟೆಯ ಗಂಟು ಬಿಚ್ಚಿ ಕೂತಳು. ಸತ್ತ ಗಂಡನ ಧೋತರ, ತನ್ನ ಹಳೆಯ ಇಳಕಲ್ ಸೀರೆ, ಸುಜಾತಾ ಮದುವೆಯಲ್ಲಿ ಉಟ್ಟ ಬಿಳಿ ಸೀರೆಯ ಸೆರಗು, ಏಪ್ರಿಲ್ ಹದಿನಾಲ್ಕರ ಜಯಂತಿಯ ಮೆರವಣಿಗೆಯಲ್ಲಿ ಹರಿದ ನೀಲಿ ಬಾವುಟದ ತುಂಡು, ಎಲ್ಲ ಸೇರಿ ನಾನಾದೆ. ಚೆಲುವೆ ಅಂತ ಯಾರೂ ಅನ್ನಲಿಲ್ಲ. ಆದರೆ ಬೆಚ್ಚಗಿದ್ದೆ, ಅದರಲ್ಲಿ ಎರಡು ಮಾತಿಲ್ಲ.

ಸಾಬವ್ವನ ಗಂಡ ಮರೆಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಮನೆಯಲ್ಲಿದ್ದ, ದಡಾರ ತರುವ ದೇವತೆ ಮರಗಮ್ಮನ ಕಲ್ಲನ್ನು ಖಣಿಯ ನೀರಿಗೆ ಎಸೆದು ಬಂದಿದ್ದನಂತೆ. "ಇನ್ನ ಮ್ಯಾಲ ಈ ಮನ್ಯಾಗ ದೇವರಿಲ್ಲ, ಹರಕಿ ಇಲ್ಲ" ಎಂದು ಹೆಂಡತಿಯಿಂದಲೂ ಆಣೆ ಮಾಡಿಸಿದ್ದ. ಸಾಬವ್ವ ದೇವರನ್ನು ಬಿಟ್ಟಳು, ದೇವರ ಅಂಜಿಕೆಯನ್ನು ಬಿಡಲಿಲ್ಲ. ಸುಜಾತಾಳ ಮೊದಲ ಕೂಸು ದಡಾರ ಬಂದು ತೀರಿಕೊಂಡಾಗ ಅವಳು ಯಾರೆದುರೂ ಬಾಯಿ ಬಿಡಲಿಲ್ಲ. ನನ್ನನ್ನು ಹೊಲಿಯುತ್ತ ಮಾತ್ರ ನೀರಿನ ತಳದ ಆ ಕಲ್ಲಿನ ಜೊತೆ ಪಿಸುಗುಡುತ್ತಿದ್ದಳು: "ಇದೊಂದು ಕೂಸಿಗಿ ಬಿಟ್ಟಬಿಡು, ಯವ್ವಾ."

ಹೆಣ್ಣು ಹುಟ್ಟಿತು. ಪ್ರಜ್ಞಾ ಎಂದು ಹೆಸರಿಟ್ಟರು. ಅಯ್ಯೋ, ಆ ಹುಡುಗಿ ನನ್ನನ್ನು ಪಡಿಸಿದ ಪಾಡು! ಉಚ್ಚೆ ಹೊಯ್ದಳು, ಅಂಗಳದ ತುಂಬ ಎಳೆದಾಡಿದಳು, ನನ್ನ ಅಂಚು ಬಾಯಿಗಿಟ್ಟುಕೊಳ್ಳದೆ ನಿದ್ದೆಯನ್ನೇ ಮಾಡಲಿಲ್ಲ. ನನ್ನ ಆಯುಷ್ಯದಲ್ಲಿ ಸುಖ ಅಂತ ಕಂಡದ್ದು ಆ ನಾಲ್ಕು ವರ್ಷ.

ಆಮೇಲೆ ಊರಿನ ವಿಹಾರದವರು ಯಾತ್ರೆಗೆ ಹೊರಟರು. ಬುದ್ಧಗಯಾ, ಲುಂಬಿನಿ, ಕೊನೆಗೆ ಕಠ್ಮಂಡುವಿನ ಗುಡ್ಡದ ಮೇಲಿನ ಸ್ವಯಂಭೂ ಸ್ತೂಪ. ಸುಜಾತಾಳ ಗಂಡನಿಗೆ ರಜೆ ಸಿಗಲಿಲ್ಲ. ಸಾಬವ್ವ, ಸುಜಾತಾ, ಕೂಸು ಹೊರಟರು. ಅಲ್ಲಿ ಥಂಡಿ ಬಹಳ ಎಂದು ನನ್ನನ್ನೂ ಚೀಲಕ್ಕೆ ತುರುಕಿದರು.

ಲುಂಬಿನಿಯಲ್ಲಿ ಕೂಸಿನ ಮೈ ಕಾದಿತು. ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. "ಬಸ್ಸಿನ ಧೂಳಿಗಿ ಕಣ್ಣ ಬಂದಾವ, ತಾನೇ ಹೋಗ್ತದ" ಎಂದಳು ಸಾಬವ್ವ. ಅತ್ತೆ ನಾಲ್ಕು ಹೆತ್ತವಳು, ಸುಜಾತಾ ನಂಬಿದಳು. ಆದರೆ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗುತ್ತಿದ್ದ ಮುದುಕಿ ಕಿವಿಯ ಹಿಂದೆ ಎದ್ದ ಕೆಂಪು ಗುಳ್ಳೆ ಕಂಡಿದ್ದಳು. ದಡಾರ, ಅವ್ವ ಬಂದಾಳ ಎಂದು ಅವಳ ಎದೆ ಒಡೆಯಿತು. ಅವ್ವ ಬಂದಾಗ ಸೂಜಿ ಚುಚ್ಚಿಸಬಾರದು, ಚುಚ್ಚಿಸಿದರೆ ಸಿಟ್ಟಿಗೇಳುತ್ತಾಳೆ ಎಂಬುದು ಅವಳ ತಾಯಿ, ಅಜ್ಜಿ ಹೇಳಿಕೊಟ್ಟ ಪಾಠ. ಮೊದಲ ಕೂಸಿಗೆ ಸೂಜಿ ಚುಚ್ಚಿಸಿದ್ದಕ್ಕೇ ಅದು ಹೋಯಿತು ಎಂದು ಅವಳ ಲೆಕ್ಕ. ಆಸ್ಪತ್ರೆಗೆ ಒಯ್ದಾಗ ತಡವಾಗಿತ್ತು ಎಂದು ಡಾಕ್ಟರು ಅಂದದ್ದು ಅವಳ ತಲೆಗೆ ಹೋಗಿರಲಿಲ್ಲ.

ಸೆರಗಿನ ಗಂಟಿನಲ್ಲಿ ಒಣ ಬೇವಿನೆಲೆ ತಂದಿದ್ದಳು. ನೀರಲ್ಲಿ ನೆನೆಸಿ, ಸೊಸೆ ಸ್ನಾನಕ್ಕೆ ಹೋದ ಹೊತ್ತು ನೋಡಿ, ಆ ನೀರನ್ನು ಕೂಸಿನ ಕಣ್ಣಿಗೆ ಹಿಂಡಿದಳು. ಮರುದಿನವೂ ಹಿಂಡಿದಳು. ಕೂಸು ಕಿರುಚಿದಾಗ ಅದರ ಬಾಯಿಯನ್ನು ನನ್ನೊಳಗೆ ಒತ್ತಿ ಹಿಡಿದಳು. ಆ ಎಳೆಯ ಉಸಿರು ನನ್ನ ಎಳೆಎಳೆಯನ್ನೂ ಸುಟ್ಟಿತು. ಬಟ್ಟೆಗೆ ಬಾಯಿಲ್ಲವಲ್ಲ, ಏನು ಮಾಡಲಿ?

ಕಠ್ಮಂಡುವಿಗೆ ಹೋಗುವ ಬಸ್ಸಿನಲ್ಲಿ ಯಾತ್ರೆಯ ಮುಂದಾಳು ಧರ್ಮಣ್ಣ ಗುರುಜಿ ಹಾರೀತಿಯ ಕತೆ ಹೇಳಿದರು. ಹಾರೀತಿ ಊರ ಮಕ್ಕಳನ್ನು ಹಿಡಿದು ತಿನ್ನುವ ರಾಕ್ಷಸಿ. ಬುದ್ಧ ಅವಳದೇ ಒಂದು ಕೂಸನ್ನು ಭಿಕ್ಷಾಪಾತ್ರೆಯ ಕೆಳಗೆ ಬಚ್ಚಿಟ್ಟ. ಕರುಳು ಕಿತ್ತುಬಂದು ಅತ್ತಾಗ ಅವಳಿಗೆ ಬುದ್ಧಿ ಬಂತು. ಅಂದಿನಿಂದ ಮಕ್ಕಳನ್ನು ಕಾಯುತ್ತ ಸ್ವಯಂಭೂ ಗುಡ್ಡದ ಮೇಲೆ ಕುಂತಾಳೆ, ಅಮ್ಮ ಬಂದ ಮಕ್ಕಳನ್ನು ಅಲ್ಲಿಗೆ ಒಯ್ಯುತ್ತಾರೆ ಎಂದರು. ಕತೆ ಮುಗಿದ ಮೇಲೆ ಸಾಬವ್ವ ಕೇಳಿದಳು, "ಗುರುಜಿ, ಅಕಿಗಿ ಆ ಜಾಗ ಬುದ್ಧಪ್ಪನೇ ಕೊಟ್ಟಾನೇನ್ರಿ?"

"ಹ್ಞೂಂ, ಹಂಗೇ ಅಂತಾರವ್ವ."

ಸಾಬವ್ವ ನನ್ನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬುದ್ಧನೇ ಜಾಗ ಕೊಟ್ಟವಳಿಗೆ ಹರಕೆ ಹೊತ್ತರೆ ಗಂಡನ ಆಣೆ ಮುರಿದಂತೆ ಆಗುವುದಿಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡದ್ದು ಆ ಕೈಯ ಹಿಡಿತದಿಂದಲೇ ನನಗೆ ತಿಳಿಯಿತು.

ಬೆಳಿಗ್ಗೆ, ಕಠ್ಮಂಡುವಿನ ಕೋಣೆಯ ಮಬ್ಬಿನಲ್ಲಿ, ಕೂಸು ಕಣ್ಣೇ ಬಿಡಲಿಲ್ಲ. ಸುಜಾತಾ ಹಟ ಹಿಡಿದಳು. "ಅತ್ತಿ, ನಾ ಈಗೇ ಆಸ್ಪತ್ರಿಗಿ ಹೋತೀನಿ."

"ಗುಡ್ಡ ಇಳದು ಬಂದು ಹೋಗಮವ್ವ. ಇಷ್ಟ ದೂರ ಬಂದೀವಿ. ನಿನ್ನ ಕಾಲ ಬೀಳ್ತೀನಿ."

ಅತ್ತೆ ಕಾಲು ಬೀಳುತ್ತೇನೆ ಎಂದರೆ ಸೊಸೆ ಏನು ಮಾಡಿಯಾಳು? ಒಪ್ಪಿದಳು. ಕೂಸನ್ನು ತಲೆಯಿಂದ ಕಾಲಿನವರೆಗೆ ನನ್ನಲ್ಲಿ ಸುತ್ತಿಕೊಂಡು ಸಾಬವ್ವ ಮೆಟ್ಟಿಲು ಹತ್ತಿದಳು. ಗೋಡೆಯಂತೆ ನೆಟ್ಟಗೆ ನಿಂತ ಮೆಟ್ಟಿಲು. ಮಂಗಗಳು ನನ್ನ ತುದಿ ಹಿಡಿದು ಜಗ್ಗಿದವು. "ಕೊಡ್ರಿ, ನಾ ಎತ್ಕೋತೀನಿ" ಎಂದು ಸುಜಾತಾ ಕೈ ಚಾಚಿದಾಗಲೆಲ್ಲ ಮುದುಕಿ, "ಬ್ಯಾಡ, ಥಂಡಿ ಗಾಳಿ ಹೊಡೀತದ, ನನ್ನ ಕಡಿನೇ ಇರ್ಲಿ" ಎಂದು ಇನ್ನಷ್ಟು ಬಿಗಿಯಾಗಿ ಮುಚ್ಚಿದಳು.

ಮೇಲೆ ದೊಡ್ಡ ಬಿಳಿ ಸ್ತೂಪ. ಅದರ ನೆತ್ತಿಯ ಬಂಗಾರದ ಗೋಡೆಯ ಮೇಲೆ, ನಾಲ್ಕೂ ದಿಕ್ಕಿಗೆ, ಬರೆದ ಬುದ್ಧನ ಕಣ್ಣು. ಜನರೆಲ್ಲ ಕತ್ತೆತ್ತಿ ನೋಡಿದರು. ಸಾಬವ್ವ ನೋಡಲಿಲ್ಲ. ಹಾರೀತಿಯ ಗುಡಿ ಎಲ್ಲಿ ಎಂದು ಕೈಸನ್ನೆಯಲ್ಲೇ ಕೇಳುತ್ತ ಓಡಿದಳು. ಗುಡಿಯ ಮುಂದೆ ಕೂಸನ್ನು ಇಳಿಸಿ, ನನ್ನನ್ನು ಬಿಚ್ಚಿ ಹೊಸ್ತಿಲ ಮೇಲೆ ಹಾಸಿ, ಹಣೆ ಹಚ್ಚಿದಳು. "ನನ್ನ ಕೈಯಾರೆ ಹೊಲಿದದ್ದು, ಇಟ್ಕೊ. ಇದರ ಜೀವ ಬಿಟ್ಟುಕೊಡು, ಯವ್ವಾ."

ಆಗ ಬಿಸಿಲು ಕೂಸಿನ ಮುಖದ ಮೇಲೆ ಬಿತ್ತು. ಹಿಂದೆ ಬಂದ ಸುಜಾತಾ ನೋಡಿದಳು. ಮುಖದ ತುಂಬ ಗುಳ್ಳೆ. ಕೀವು ಕಟ್ಟಿ ಅಂಟಿಕೊಂಡ ರೆಪ್ಪೆ, ಅಂಚಿನಲ್ಲಿ ಹಸಿರು ಕಲೆ.

"ಕಣ್ಣಾಗ ಏನ್ ಹಾಕಿದ್ರಿ? ಏನ್ ಹಾಕೀದಿ? ಹೇಳು!"

ಅತ್ತೆಗೆ ಅವಳು ಏಕವಚನ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಾಬವ್ವ ಬೇವಿನೆಲೆಯ ಗಂಟನ್ನು ತೋರಿಸಿದಳು. ಸುಜಾತಾ ಒಂದು ಸಲ ಚೀರಿ, ಕೂಸನ್ನು ಎದೆಗವಚಿಕೊಂಡು ಮೆಟ್ಟಿಲ ಕಡೆ ಓಡಿದಳು. ಹಿಂದೆ ಮುದುಕಿ ಓಡಿದಳು. ನಾನು ಹೊಸ್ತಿಲ ಮೇಲೇ ಉಳಿದೆ.

ಗುಡಿಯವರು ನನ್ನನ್ನು ಬದಿಗೆ ಸರಿಸಿದರು. ಅಲ್ಲಿ ದೀಪ ಮಾರುವ ಜ್ಞಾನಮಾಯಾ ಎಂಬ, ಅಲ್ಲಿಯ ನೇವಾರಿ ಜನದ ಅಜ್ಜಿ ಕೇಳಿಕೊಂಡು ಒಯ್ದು ತನ್ನ ಕೂರುವ ಜಾಗಕ್ಕೆ ಹಾಸಿದಳು. ತುಪ್ಪ ಚೆಲ್ಲಿತು, ಕಿಡಿ ಬಿದ್ದು ತೂತುಗಳಾದವು, ಬಿಳಿ ಸೆರಗು ಮಸಿಯಾಯಿತು. ಅದಕ್ಕೆಲ್ಲ ನಾನು ಅಳಲಿಲ್ಲ. ಕೂಸು ಉಳಿಯಿತೋ ಇಲ್ಲವೋ ಎಂಬುದೊಂದೇ ನನ್ನನ್ನು ತಿನ್ನುತ್ತಿತ್ತು. ಮೆಟ್ಟಿಲ ಕಡೆಯಿಂದ ಕನ್ನಡ ಕೇಳಿದರೆ ಸಾಕು, ಎಳೆಎಳೆಯೂ ಕಿವಿಯಾಗುತ್ತಿತ್ತು. ಮೂರು ಚಳಿಗಾಲ ಹೋದವು.

ನಾಲ್ಕನೆಯದರಲ್ಲಿ, ವಿಹಾರದವರ ಮತ್ತೊಂದು ಯಾತ್ರೆಯ ಜೊತೆ, ಅವರು ಬಂದರು. ಸುಜಾತಾ ಮುಂದೆ. ಹಿಂದೆ ಸಾಬವ್ವ, ಬೆನ್ನು ಬಾಗಿ ಅರ್ಧವಾಗಿದ್ದಾಳೆ. ಅವಳ ಕೈ ಹಿಡಿದು ಪ್ರಜ್ಞಾ. ಬದುಕಿದ್ದಾಳೆ! ನನ್ನ ಜೀವ ಹಾರಿ ಕುಣಿಯಿತು. ಆಮೇಲೆ ಅವಳು ಮೆಟ್ಟಿಲಂಚನ್ನು ಕಾಲಬೆರಳಿಂದ ತಡಕುವುದನ್ನು ಕಂಡೆ. ಎರಡೂ ಕಣ್ಣಿನ ಮೇಲೆ ಹಾಲಿನಂಥ ಪೊರೆ.

ಸುಜಾತಾ ದೀಪ ಕೊಳ್ಳುತ್ತ ತನ್ನ ಹರಕುಮುರುಕು ಹಿಂದಿಯಲ್ಲಿ ಜ್ಞಾನಮಾಯಾಳಿಗೆ ಹೇಳಿದಳು: ಜೀವ ಉಳಿಯಿತು, ಕಣ್ಣು ಹೋದವು. ಬೇವಿನ ನೀರು ಹಾಕದೆ, ಜ್ವರ ಬಂದಾಗಲೇ ತಂದಿದ್ದರೆ ಕಣ್ಣೂ ಉಳಿಯುತ್ತಿತ್ತು ಎಂದರಂತೆ ಡಾಕ್ಟರು. ಅತ್ತೆಯ ಕಡೆ ತಿರುಗಿಯೂ ನೋಡದೆ ದೀಪ ಹಿಡಿದು ಸ್ತೂಪದ ಸುತ್ತ ನಡೆದಳು.

ಹುಡುಗಿ ದಣಿದು ನನ್ನ ಮೇಲೇ ಕೂತಳು. ಸಾಬವ್ವ ನನ್ನನ್ನು ಗುರುತು ಹಿಡಿದಳು, ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಹಾರೀತಿಯ ಗುಡಿಯ ಕಡೆ ತಿರುಗಿ ಗೊಣಗಿದಳು, "ಜೀವ ಕೇಳ್ದೆ. ಕಣ್ಣ ಕೇಳೋದು ಮರ್ತೆ. ನಂದೇ ತಪ್ಪು." ಮೂರು ವರ್ಷ ಅವಳು ಹಾಗೆಂದುಕೊಂಡೇ ದಿನ ದೂಡಿರಬೇಕು, ಪಾಪ.

"ಆಯಿ, ಬುದ್ಧನ ಕಣ್ಣು ಭಾಳ ದೊಡ್ಡವ ಏನು?" ಎಂದು ಹುಡುಗಿ ಅಜ್ಜಿಯನ್ನು ಕೇಳಿದಳು.

"ಹ್ಞೂಂ, ದೊಡ್ಡವ ಅವ."

"ನಮ್ಮ ಕಡಿ ನೋಡ್ಲಕತ್ತಾವೇನು?"

ಸಾಬವ್ವ ಮೊದಲ ಸಲ ಕತ್ತೆತ್ತಿದಳು. "ನಮ್ಮ ಕಡಿನೇ ನೋಡ್ಲಕತ್ತಾವ."

"ಮತ್ತ ಆವತ್ತು? ನನಗ ಜರ ಬಂದಾಗ? ನೋಡಿದ್ವೇನು?"

ಮುದುಕಿ ಈ ಸಲ ಗುಡಿಯ ಕಡೆ ತಿರುಗಲಿಲ್ಲ. ಮೊಮ್ಮಗಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಅಂದಳು, "ಅವು ಹ್ಯಾಂಗ ನೋಡ್ಬೇಕವ್ವ? ನಾನೇ ನಿನಗ ಮುಚ್ಚಿದ್ದೆ."

ಸುತ್ತು ಮುಗಿಸಿ ಬಂದ ಸುಜಾತಾ ಅದನ್ನು ಕೇಳಿ ನಿಂತಳು. ಮಗಳ ಕೈ ಹಿಡಿದು ಎಬ್ಬಿಸಿ ನಡೆದಳು. ಸಾಬವ್ವ ತಾನೇ ನೆಲಕ್ಕೆ ಕೈಯೂರಿ ಎದ್ದು ಹಿಂದೆ ಹೋದಳು. ಮತ್ತೆ ಅವರು ಬರಲಿಲ್ಲ.

ಜ್ಞಾನಮಾಯಾ ತೀರಿಕೊಂಡಳು. ಈಗ ನಾನು ಮೆಟ್ಟಿಲ ಮೂಲೆಯಲ್ಲಿ ಬಿದ್ದಿದ್ದೇನೆ, ಒಂದು ಕುಂಟ ನಾಯಿ ನನ್ನ ಮೇಲೆ ಮಲಗುತ್ತದೆ. ಮುಚ್ಚುವುದು ನನ್ನ ಕಸುಬು, ಅದನ್ನು ನಾನು ಹಳಿಯಲಾರೆ. ಆದರೂ ಯಾವಳಾದರೂ ಮಗುವನ್ನು ಬಿಗಿಯಾಗಿ ಸುತ್ತಿಕೊಂಡು ಈ ಮೆಟ್ಟಿಲು ಹತ್ತಿ ಬಂದರೆ ನನಗೆ ದಿಗಿಲಾಗುತ್ತದೆ. ಯಾರಾದರೂ ತಡೆದು ನಿಲ್ಲಿಸಿ, ಆ ಬಟ್ಟೆ ಸರಿಸಿ, ಮಗುವಿನ ಮುಖ ನೋಡಬಾರದೇ?